ವಿಶಾಲು, ರೈಫಲ್ಲು ಮತ್ತು ನನ್ನ ಮೂವತ್ತೆಂಟು ಅಂಶಗಳು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ಕೆಲವರಿಗೆ ಹವ್ಯಾಸ, ಕೆಲವರಿಗೆ ಚಟ. ನನಗೆ ಅದು ಉದ್ಯೋಗ. ಅಮೆರಿಕದ ಡರ್ಹಮ್ಮಿನ ಹೊರವಲಯದಲ್ಲಿ ಪ್ರಯೋಗಾಲಯಗಳಿಗೆ ಬೇಕಾದ ಸಣ್ಣ ಸಣ್ಣ ನಳಿಗೆಗಳನ್ನು ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ನಾನು ಗುಣಮಟ್ಟ ವಿಭಾಗದ ತಪಾಸಕ. ನಳಿಗೆಯೊಂದನ್ನು ದೀಪಕ್ಕೆ ಹಿಡಿದು, ಒಳಗೆ ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು ನನ್ನ ಕೆಲಸ. ಈ ಕೆಲಸದ ತೊಂದರೆಯೆಂದರೆ ಅದು ಸಂಜೆ ಐದಕ್ಕೆ ಮುಗಿಯುವುದಿಲ್ಲ. ಮನೆಗೆ ಬಂದರೆ ಚಪಾತಿಯ ಅಂಚು ದಪ್ಪವಾಗಿರುವುದು ಕಾಣುತ್ತದೆ. ಮಗಳ ರಿಪೋರ್ಟ್ ಕಾರ್ಡ್ ಬಂದರೆ ಅಂಕಗಳಿಗಿಂತ ಮೊದಲು ಟೀಚರು ಬರೆದ ಸ್ಪೆಲಿಂಗ್ ತಪ್ಪು ಕಣ್ಣಿಗೆ ಬೀಳುತ್ತದೆ. ಅಂಗಡಿಯಲ್ಲಿ ನಾನು ಬದನೆಕಾಯಿ ಆರಿಸಲು ನಿಂತರೆ ಹಿಂದಿನವರು ನಿಟ್ಟುಸಿರುಬಿಟ್ಟು ಬೀನ್ಸ್ ಕಡೆಗೆ ಹೊರಟುಹೋಗುತ್ತಾರೆ. ನಾಗಭೂಷಣ ಎಂಬ ನನ್ನ ಹೆಸರು ಇಲ್ಲಿಯವರ ನಾಲಿಗೆಗೆ ಹೊರಳದೆ 'ನ್ಯಾಗ್' ಆಗಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಸದಾ ಗೊಣಗಿ ತಲೆ ತಿನ್ನುವವನು ಎಂಬ ಅರ್ಥವಿದೆಯೆಂದು ತಿಳಿದಾಗ ನಾನು ಬೇಜಾರು ಮಾಡಿಕೊಂಡೆ. ನನ್ನ ಹೆಂಡತಿ ಮಾತ್ರ, "ಪರವಾಗಿಲ್ಲ, ಇಷ್ಟು ಬೇಗ ನಿಮ್ಮನ್ನ ಅರ್ಥ ಮಾಡ್ಕೊಂಡ್ರಲ್ಲ" ಎಂದಳು.

ಇಂಥ ನನ್ನ ಮನೆಗೆ ತೊಂಬತ್ತರ ದಶಕದ ನಡುಭಾಗದಲ್ಲಿ ಒಂದು ರೈಫಲ್ ಬಂತು. ಅದನ್ನು ತಂದವನು ನಾನು ಎಂದು ಬಹಳ ದಿನ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನಡೆದದ್ದು ಬೇರೆ.

ಒಂದು ಭಾನುವಾರ ಬೆಳಿಗ್ಗೆ ದೋಸೆ ತಿನ್ನುತ್ತ ಕೂತಿದ್ದೆವು. ನನ್ನ ಹೆಂಡತಿ ವಿಶಾಲಾಕ್ಷಿ ಹೆಂಚಿನ ಮುಂದಿದ್ದಳು. ಆಗ ಅವಳಿಗೆ ಮೂವತ್ತಾರು. ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ಕೆಲಸ, ವಾರಕ್ಕೆ ನಾಲ್ಕು ದಿನ. ಮಾತು ಕಡಿಮೆ. ಏನಾದರೂ ಬೇಕೆಂದರೆ ಎರಡು ಸಲ ಕೇಳುವ ಅಭ್ಯಾಸವಿಲ್ಲ, ಮೊದಲನೆಯ ಸಲವೂ ಅಪರೂಪ. ಆ ದಿನ ಅವಳು ದೋಸೆ ಮಗುಚಿ ಹಾಕುತ್ತ, ಪಕ್ಕದ ಮನೆಯವರು ಹೊಸ ಕರ್ಟನ್ ಹಾಕಿಸಿದ್ದಾರೆ ಎನ್ನುವ ಧಾಟಿಯಲ್ಲಿ, "ನನಗೊಂದು ರೈಫಲ್ ಬೇಕು" ಎಂದಳು.

ನನ್ನ ದೋಸೆ ಚಟ್ನಿಯಲ್ಲೇ ನಿಂತಿತು. ಹನ್ನೆರಡು ವರ್ಷದ ಮಗಳು ಅನಿತಾ, "ಅಮ್ಮಾ, ಆರ್ ಯೂ ಸೀರಿಯಸ್?" ಎಂದಳು.

"ಲೈಬ್ರರೀಲಿ ನೋಟೀಸ್ ಹಾಕಿದ್ರು. ರಾಕ್ಸ್‌ಬರೋ ಕಡೆ ಹೋಗೋ ರಸ್ತೇಲಿ ಒಂದು ಕ್ಲಬ್ ಇದೆಯಂತೆ. ಶನಿವಾರ ಬೆಳಿಗ್ಗೆ ಲೇಡೀಸ್‌ಗೆ ಟಾರ್ಗೆಟ್ ಪ್ರಾಕ್ಟೀಸು. ನವೆಂಬರ್‌ನಲ್ಲಿ ಮ್ಯಾಚು. ಹೋಗಿ ನೋಡ್ಕೊಂಡು ಬಂದೆ. ಸೆಮಿ-ಆಟೊಮ್ಯಾಟಿಕ್ ಆದ್ರೆ ನನಗೆ ಸರಿಹೋಗತ್ತೆ."

ಸೆಮಿ-ಆಟೊಮ್ಯಾಟಿಕ್ ಎಂಬ ಪದವನ್ನು ನಾನು ಕೇಳಿದ್ದು ಟೀವಿ ವಾರ್ತೆಯಲ್ಲಿ ಮಾತ್ರ. ಅಲ್ಲಿ ಅದರ ಹಿಂದೆಯೇ ಪೊಲೀಸ್ ಕಾರುಗಳು ಬರುತ್ತಿದ್ದವು. ನನ್ನ ಮುಖ ನೋಡಿ ವಿಶಾಲು ಒಲೆ ಆರಿಸಿ ಬಂದು ಕೂತಳು. "ಹೆದರ್ಕೋಬೇಡಿ. ಒಂದು ಸಲ ಕುದುರೆ, ಅಂದ್ರೆ ಟ್ರಿಗರ್, ಎಳೆದ್ರೆ ಒಂದೇ ಗುಂಡು. ಖಾಲಿ ತೋಟೇನ ಅದೇ ಆಚೆ ಎಸೆದು, ಮುಂದಿನದನ್ನ ಅದೇ ಒಳಗೆ ತಗೊಳ್ಳತ್ತೆ. ಅಷ್ಟೇ. ಪಾಯಿಂಟ್ ಟೂ ಟೂ ತೋಟೆ ನಿಮ್ಮ ಕಿರುಬೆರಳಿಗಿಂತ ಚಿಕ್ಕದು. ಕಾಲೇಜಲ್ಲಿ ನಮಗೆ ಕೊಡ್ತಿದ್ದ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಬಲಗಡೆ ಇರೋ ಬೋಲ್ಟ್ ಎಳೀಬೇಕಿತ್ತು. ನಂದು ಎಡಗೈ, ಎಡಗಣ್ಣು. ಪ್ರತಿ ಸಲ ಕೈ ಆಚೆ ಚಾಚಿ ಎಳೆದು ಮತ್ತೆ ಗುರಿ ಹಿಡಿಯೋ ಹೊತ್ತಿಗೆ ಬೇರೆಯವರು ಎರಡು ಗುಂಡು ಹೊಡೆದಿರೋರು."

ವಿಶಾಲು ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಳೆಂಬುದು ನನಗೆ ಗೊತ್ತಿತ್ತು. ಮದುವೆಯ ಹೊಸತರಲ್ಲಿ ಅವಳ ಮನೆಯ ಗೋಡೆಯ ಮೇಲೆ, ಓರೆ ಟೋಪಿ ಹಾಕಿಕೊಂಡು ನಿಂತ ಒಂದು ಫೋಟೊ ನೋಡಿ ಚೆನ್ನಾಗಿದೆ ಎಂದಿದ್ದೆ. ಟೋಪಿಯ ಕೆಳಗಿದ್ದವಳು ಏನು ಮಾಡುತ್ತಿದ್ದಳೆಂದು ಹದಿನೈದು ವರ್ಷ ಕೇಳಿರಲಿಲ್ಲ.

ನಾನು ತಕ್ಷಣ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೆ ಧೈರ್ಯ ಬೇಕು. ಗಂಡಸರು ಸಾಮಾನ್ಯವಾಗಿ ಮಾಡುವಂತೆ "ನೋಡೋಣ" ಎಂದೆ. ಅಷ್ಟರಲ್ಲಿ ಅನಿತಾ ಈ ಸುದ್ದಿಯನ್ನು ಫೋನಿನಲ್ಲಿ ತನ್ನ ಅತ್ತೆಯ ಮಗಳಿಗೆ ಹೇಳಿ, ಅದು ಸೆಂಟರ್‌ವಿಲ್‌ನಲ್ಲಿರುವ ನನ್ನ ಅಕ್ಕನ ಗಂಡ ಶೇಷಗಿರಿ ಭಾವನ ಕಿವಿಗೆ ಬಿತ್ತು. ಅದೇ ಸಂಜೆ ಭಾವನ ಫೋನು. "ಏನಯ್ಯಾ ನಾಗು, ಮನೇಲಿ ಬಂದೂಕು ಇಡ್ತೀಯಂತೆ? ನಾಳೆ ನಿಮ್ಮನೇಲಿ ಸತ್ಯನಾರಾಯಣ ಪೂಜೆ ಅಂದ್ರೆ ಬಾಗಿಲಲ್ಲಿ ಚಪ್ಪಲಿ ಬಿಡೋಕೂ ಜನ ಹೆದರ್ತಾರೆ. ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಗಿಲ್ಲ. ಮುಂದೆ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದಾಗ ಏನಂತ ಹೇಳ್ತೀಯ?" ನಾನು ಹೂಂ ಹೂಂ ಎಂದು ಫೋನಿಟ್ಟೆ. ಆಮೇಲೆ ವಿಶಾಲುವಿನ ಹತ್ತಿರ ಹೋಗಿ, ಈ ವರ್ಷ ಬೇಡ, ಮುಂದಿನ ವರ್ಷ ಯೋಚನೆ ಮಾಡೋಣ, ಇಷ್ಟು ವರ್ಷ ಇಲ್ಲದ್ದು ಈಗೇನು ಅವಸರ ಎಂದೆಲ್ಲ ಹೇಳಿದೆ.

ಅವಳು ಬಟ್ಟೆ ಮಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಮ್ಮ ಮದುವೆಗೆ ಮೊದಲು ನಮ್ಮಪ್ಪ ಬಂದು ಎರಡು ವಾರ ಮುಂದಕ್ಕೆ ಹಾಕೋಣ ಅಂತ ಕೇಳಿದ್ರು, ನೆನಪಿದೆಯಾ?"

ನೆನಪಿತ್ತು. ಹುಡುಗಿಗೆ ಕಾಲೇಜಿನದೇನೋ ಕಾರ್ಯಕ್ರಮವಿದೆ ಎಂದು ಅವರು ಸಂಕೋಚಪಡುತ್ತ ಹೇಳಿದ್ದರು. ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ಆಗ, ಮದುಮಗನಾದ ನಾನು, ಯಾರೂ ಕೇಳದಿದ್ದರೂ, "ಕಾಲೇಜ್ ಡೇಗೆಲ್ಲ ಮುಹೂರ್ತ ಮುಂದೂಡ್ತಾರಾ?" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ನಾನು ಜಾಣನೆಂದು ಆ ದಿನ ನಮ್ಮ ಸೋದರತ್ತೆ ನಾಲ್ಕು ಜನರಿಗೆ ಹೇಳಿದ್ದರು.

"ಅದು ಕಾಲೇಜ್ ಡೇ ಅಲ್ಲ. ಡೆಲ್ಲೀಲಿ ಅಖಿಲ ಭಾರತ ಶೂಟಿಂಗ್ ಸ್ಪರ್ಧೆ. ನಮ್ಮ ರಾಜ್ಯದಿಂದ ಇಬ್ಬರು ಹುಡುಗೀರು ಸೆಲೆಕ್ಟ್ ಆಗಿದ್ವಿ. ನೀವು ತಾಳಿ ಕಟ್ಟಿದ ದಿನ ಅಲ್ಲಿ ನನ್ನ ಹೆಸರು ಕರೆದ್ರಂತೆ. ಇನ್ನೊಬ್ಬಳು ಕಾಗದ ಬರೆದಿದ್ಲು." ಅವಳು ನನ್ನ ಒಂದು ಬನಿಯನ್ನನ್ನು ನಾಲ್ಕಾಗಿ ಮಡಿಸಿ ಗುಡ್ಡೆಯ ಮೇಲಿಟ್ಟಳು. "ಬೈತಿಲ್ಲ. ನಿಮಗೆ ಗೊತ್ತಿರಲಿಲ್ಲ. ಆದ್ರೆ ಈ ನವೆಂಬರ್ ಮ್ಯಾಚ್‌ಗೆ ನಾನು ಹೋಗ್ತೀನಿ. ರೈಫಲ್ ಯಾರದಾದ್ರೂ ಸಾಲ ತಂದಾದ್ರೂ ಹೋಗ್ತೀನಿ."

ತಪ್ಪು ಮಾಡಿದ್ದೇನೆಂದು ಗೊತ್ತಾದ ಗಂಡಸು ಕ್ಷಮೆ ಕೇಳುತ್ತಾನೆಂದು ಬಹಳ ಜನ ತಿಳಿದಿದ್ದಾರೆ. ನಾನಂತೂ ಪಟ್ಟಿ ಮಾಡುತ್ತೇನೆ. ಮರುದಿನವೇ ಲೈಬ್ರರಿಗೆ ಹೋಗಿ ಬಂದೂಕುಗಳ ಬಗ್ಗೆ ಐದು ಪುಸ್ತಕ ತಂದೆ. ಕೊಳ್ಳುವುದಾದರೆ ಇಡೀ ನಾರ್ತ್ ಕ್ಯಾರೊಲೈನಾದಲ್ಲೇ ಒಂದು ಲೋಪವಿಲ್ಲದ ರೈಫಲ್ ಕೊಳ್ಳಬೇಕು, ಅದನ್ನು ನಾನೇ ಪರೀಕ್ಷಿಸಬೇಕು ಎಂದು ಹಠತೊಟ್ಟೆ. ನಳಿಗೆ ಎಲ್ಲಿದ್ದರೂ ನಳಿಗೆಯೇ ತಾನೇ? ಮೂರು ವಾರ ಓದಿ, ಮೂವತ್ತೆಂಟು ಅಂಶಗಳ ಒಂದು ತಪಾಸಣಾ ಪಟ್ಟಿ ತಯಾರಿಸಿ, ಕಾರ್ಖಾನೆಯ ರೂಢಿಯಂತೆ ಟೈಪ್ ಮಾಡಿಸಿದೆ. ನಳಿಗೆಯ ಒಳಮೈ, ಅದರ ಬಾಯಂಚಿನ ದುಂಡು, ಕುದುರೆ ಎಳೆಯಲು ಬೇಕಾಗುವ ಬಲ, ಬೋಲ್ಟ್ ಹಿಂದೆಮುಂದೆ ಓಡುವ ನಯ, ತೋಟೆ ತುಂಬುವ ಮ್ಯಾಗಝೀನಿನ ಸ್ಪ್ರಿಂಗು, ಮರಕ್ಕೂ ಲೋಹಕ್ಕೂ ನಡುವಿನ ಸಂದು. ಭಾವನಿಗೆ ಫೋನ್ ಮಾಡಿ, "ತರ್ತಿದ್ದೀವಿ" ಎಂದು ಒಂದೇ ಮಾತು ಹೇಳಿದೆ. ನನ್ನ ಧ್ವನಿಯ ಗಡಸು ನನಗೇ ಹಿಡಿಸಿತು.

ಅಂಗಡಿ ಊರಾಚೆಗಿತ್ತು. ಮೀನಿಗೆ ಹಾಕುವ ಎರೆಹುಳು, ಬೇಯಿಸಿದ ಕಡಲೆಕಾಯಿ, ರೈಫಲ್ಲು ಮೂರನ್ನೂ ಮಾರುವ ಅಂಗಡಿ. ಮಾಲೀಕನ ಹೆಸರು ವೆಸ್ಲಿ. ಅರವತ್ತು ದಾಟಿದ, ಎತ್ತರದ, ಅವಸರವೆಂಬುದೇ ಗೊತ್ತಿಲ್ಲದ ಮನುಷ್ಯ. ಒಂದೊಂದು ಪದವನ್ನೂ ಎಳೆದೆಳೆದು, ಬಿಸಿಲಿಗೆ ಒಣಹಾಕಿದ ಹಾಗೆ ಮಾತಾಡುತ್ತಿದ್ದ. ನಾನು ಕೈಚೀಲದಿಂದ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ, ಪೆನ್ ಟಾರ್ಚು, ಇಂಡಿಯಾಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ, ಎಲ್ಲ ತೆಗೆದು ಗಾಜಿನ ಮೇಲೆ ಸಾಲಾಗಿಟ್ಟೆ. ವೆಸ್ಲಿ ಅವನ್ನು ನೋಡಿದ, ನನ್ನನ್ನು ನೋಡಿದ, ಒಂದು ರೈಫಲ್ ಇಳಿಸಿ ವಿಶಾಲುವಿನ ಕೈಗೆ ಕೊಟ್ಟ. ಅವಳು ತೆಗೆದುಕೊಂಡವಳೇ ನಳಿಗೆಯ ಮೂತಿಯನ್ನು ಯಾರ ಕಡೆಗೂ ತಿರುಗದಂತೆ ಕೆಳಗೆ ಮಾಡಿ, ಮ್ಯಾಗಝೀನ್ ಕಳಚಿ, ಬೋಲ್ಟ್ ಹಿಂದಕ್ಕೆಳೆದು, ಒಳಗೆ ಖಾಲಿಯೇ ಎಂದು ಮೊದಲು ಕಣ್ಣಿಂದ, ಆಮೇಲೆ ಬೆರಳಿಂದ ನೋಡಿದಳು. ಎರಡು ಮೂರು ಸೆಕೆಂಡು ಹಿಡಿದಿರಬಹುದು. ಅಲ್ಲಿಂದ ಮುಂದೆ ವೆಸ್ಲಿ ಅವಳೊಬ್ಬಳ ಜೊತೆಗೇ ಮಾತಾಡಿದ. "ಮ್ಯಾಮ್, ನಿಮಗೆ ಕಲಿಸಿದವರು ಚೆನ್ನಾಗಿ ಕಲಿಸಿದ್ದಾರೆ."

ಮೂರು ಶನಿವಾರ ಹೋದೆವು. ನಾನು ಆರು ರೈಫಲ್‌ಗಳನ್ನು ತಿರಸ್ಕರಿಸಿದೆ. ಒಂದರ ಮರದಲ್ಲಿ ಗಂಟಿತ್ತು. ಒಂದರ ಸ್ಕ್ರೂ ತಲೆ ಸವೆದಿತ್ತು. ಇನ್ನೊಂದರ ಕುದುರೆಯನ್ನು ಸೂಟ್‌ಕೇಸಿನ ತಕ್ಕಡಿಗೆ ಸಿಕ್ಕಿಸಿ ಎಳೆದರೆ ಒಂದೊಂದು ಸಲ ಒಂದೊಂದು ತೂಕ ತೋರಿಸಿತು. ತೊಂದರೆ ತಕ್ಕಡಿಯದೇ ಇರಬಹುದೆಂದು ಅನಿತಾ ಹೇಳಿದಳು. ಅವಳನ್ನು ಕಡಲೆಕಾಯಿ ತರಲು ಕಳಿಸಿದೆ. ಮೂರನೆಯ ಶನಿವಾರ ಏಳನೆಯದು ಸಿಕ್ಕಿತು. ಹೊಚ್ಚಹೊಸದು, ಕನ್ನಡಿಯ ಹಾಗೆ ಹೊಳೆಯುವ ಅಕ್ರೂಟ್ ಮರ, ಮೂವತ್ತೆಂಟಕ್ಕೆ ಮೂವತ್ತೆಂಟು ಅಂಶ. ನನ್ನ ವೃತ್ತಿಜೀವನದಲ್ಲಿ ಇಂಥ ಶುದ್ಧವಾದ ಹಾಳೆಗೆ ಸಹಿ ಹಾಕಿದ ನೆನಪಿರಲಿಲ್ಲ.

"ಇದೇ" ಎಂದೆ.

ವಿಶಾಲು ಅಷ್ಟು ಹೊತ್ತಿಗೆ ಮೂಲೆಯ ಕಪಾಟಿನಲ್ಲಿದ್ದ ಹಳೆಯದೊಂದನ್ನು ಕೈಗೆತ್ತಿಕೊಂಡಿದ್ದಳು. ಯಾರೋ ಬಳಸಿ ಮಾರಿದ್ದು. ಮರದ ಮೇಲೆ ಉದ್ದಕ್ಕೂ ಗೀರು, ನಳಿಗೆಯ ಕಪ್ಪು ಅಲ್ಲಲ್ಲಿ ಮಾಸಿತ್ತು, ಹಿಡಿಯ ಮೇಲೆ ಹಳೆಯ ಮಾಲೀಕನ ಹೆಸರಿನ ಎರಡಕ್ಷರ ಚಾಕುವಿನಿಂದ ಕೆತ್ತಿದ್ದವು. ನಾನು ದೂರದಿಂದಲೇ ಒಂಬತ್ತು ಕೆಂಪು ಚೀಟಿ ಎಣಿಸಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ತಿರುಗಿ, ಎರಡೂ ಕಣ್ಣು ಮುಚ್ಚಿ, ರೈಫಲನ್ನು ಎಡಭುಜಕ್ಕೇರಿಸಿ, ಕೆನ್ನೆಯನ್ನು ಮರಕ್ಕೆ ತಾಗಿಸಿ, ಆಮೇಲೆ ಎಡಗಣ್ಣು ತೆರೆದಳು. ಇಳಿಸಿದಳು. ಮತ್ತೆ ಅದೇ ರೀತಿ ಮಾಡಿದಳು. ನಂತರ ನನ್ನ ಹೊಸದನ್ನು ತೆಗೆದುಕೊಂಡು ಅದನ್ನೂ ಹಾಗೆಯೇ ಎರಡು ಸಲ ಏರಿಸಿ ಇಳಿಸಿದಳು.

"ಹೊಸದರಲ್ಲಿ ಕಣ್ಣು ಬಿಟ್ಟರೆ ಗುರಿಮುಳ್ಳು ಹುಡುಕ್ಬೇಕು. ಇದರಲ್ಲಿ ಕಣ್ಣು ಬಿಟ್ಟಾಗ ಎದುರಿಗೇ ಇರತ್ತೆ."

"ಆದ್ರೆ ವಿಶಾಲು, ಅದರ ಮೇಲೆ ಗೀರಿದೆ."

"ಗುಂಡು ಹೊರಗಿಂದ ಹೋಗಲ್ಲ ತಾನೇ?"

ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಕೊನೆಗೆ ವೆಸ್ಲಿಯೇ, ಅಂಗಡಿಯ ಹಿಂದೆ ಮಣ್ಣಿನ ದಿಬ್ಬವಿದೆ, ಎರಡರಲ್ಲೂ ಹೊಡೆದು ನೋಡಿ ಎಂದು ದಾರಿ ತೋರಿಸಿದ. ಹೋಗುವಾಗ ನನ್ನ ಬಳಿ ಮೆಲ್ಲಗೆ, "ಸಾರ್, ಮೂವತ್ತು ವರ್ಷದಿಂದ ಬಂದೂಕು ಮಾರ್ತಿದ್ದೀನಿ. ಹಲ್ಲು ನೋಡಿ ಕೊಳ್ಳೋರನ್ನ ಇವತ್ತೇ ನೋಡಿದ್ದು" ಎಂದ.

ವಿಶಾಲು ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ನಾನು ದಾಖಲೆ ಮಾಡಿಕೊಳ್ಳಲು ನೋಟ್‌ಬುಕ್ ಹಿಡಿದು ಅವಳ ಬಲಗಡೆ ಬಗ್ಗಿ ನಿಂತೆ. ಖಾಲಿ ತೋಟೆಗಳು ಬಲಗಡೆಗೆ ಹಾರುತ್ತವೆ ಎಂಬುದು ನನ್ನ ಇಪ್ಪತ್ತೊಂದನೆಯ ಅಂಶದಲ್ಲಿತ್ತು. ಬಲಗಡೆ ನಾನಿದ್ದೇನೆ ಎಂಬುದು ಪಟ್ಟಿಯಲ್ಲಿರಲಿಲ್ಲ. ಮೂರನೆಯ ಗುಂಡಿಗೆ ಹಾರಿದ ತೋಟೆ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ನೇರವಾಗಿ ನನ್ನ ಕಾಲರಿನೊಳಗೆ ಇಳಿಯಿತು. ಆಗಷ್ಟೇ ಗುಂಡನ್ನು ಬಿಟ್ಟುಬಂದ ಹಿತ್ತಾಳೆ ಎಷ್ಟು ಬಿಸಿಯಿರುತ್ತದೆ ಎಂದು ಐದು ಪುಸ್ತಕಗಳಲ್ಲಿ ಒಂದೂ ಹೇಳಿರಲಿಲ್ಲ. ನಾನು ನೋಟ್‌ಬುಕ್ ಎಸೆದು, ಅಂಗಿ ಕಿತ್ತು, ಅಯ್ಯಯ್ಯೋ ಎನ್ನುತ್ತ ಆ ದಿಬ್ಬದ ಮುಂದೆ ಕುಣಿದದ್ದನ್ನು ಅನಿತಾ ಈಗಲೂ ಮನೆಗೆ ಬಂದವರಿಗೆ ಮಾಡಿ ತೋರಿಸುತ್ತಾಳೆ. ನಾನು ಗಮನಿಸಿದ್ದು ಬೇರೆ. ಕಟ್ಟಿಕೊಂಡ ಗಂಡ ಪಕ್ಕದಲ್ಲಿ ಬೊಬ್ಬೆ ಹಾಕುತ್ತಿದ್ದರೂ ವಿಶಾಲು ತಿರುಗಲಿಲ್ಲ. ಕುದುರೆಯಿಂದ ಬೆರಳು ತೆಗೆದಳು, ಸೇಫ್ಟಿ ಹಾಕಿದಳು, ಮ್ಯಾಗಝೀನ್ ಕಳಚಿದಳು, ಒಳಗಿದ್ದ ತೋಟೆ ಹೊರಗೆ ತೆಗೆದಳು, ರೈಫಲನ್ನು ಚಾಪೆಯ ಮೇಲೆ ಮಲಗಿಸಿದಳು. ಇಷ್ಟೆಲ್ಲ ಆದ ಮೇಲೆ ತಲೆಯೆತ್ತಿ, "ಏನಾಯ್ತು?" ಎಂದಳು.

ಹೊಸದರಲ್ಲಿ ಅವಳ ಐದು ಗುಂಡು ಒಂದು ಟೀ ಲೋಟದ ಬಾಯಿಯಷ್ಟು ಜಾಗದಲ್ಲಿ ಬಿದ್ದಿದ್ದವು. ಹಳೆಯದರಲ್ಲಿ ಹೊಡೆದ ಐದನ್ನು ವೆಸ್ಲಿ ಒಂದು ಕಾಲು ಡಾಲರಿನ ನಾಣ್ಯ ಇಟ್ಟು ಮುಚ್ಚಿ ತೋರಿಸಿದ. ನಾನು ಸೋತೆ. ಆದರೂ ಒಂದು ಮಾತು ಉಳಿದಿತ್ತಲ್ಲ, ಮನೆಯ ಯಜಮಾನನಾಗಿ ಕೊಳ್ಳುವವನು ನಾನು. ಒಳಗೆ ಬಂದು ಜೇಬಿನಿಂದ ಪೆನ್ನು ತೆಗೆದು ಸರ್ಕಾರಿ ಫಾರಮ್ಮಿಗೆ ಕೈ ಚಾಚಿದೆ. ವೆಸ್ಲಿ ಫಾರಮ್ಮನ್ನು ಹಿಂದಕ್ಕೆಳೆದುಕೊಂಡ. "ರೈಫಲ್ ಯಾರಿಗೆ?" "ನನ್ನ ಹೆಂಡತಿಗೆ." "ಹಾಗಾದ್ರೆ ನೀವು ತುಂಬೋ ಹಾಗಿಲ್ಲ, ಸಾರ್. ಕೊಳ್ಳೋರು ಬೇರೆಯವರಾಗಿ, ನಾನೇ ಕೊಳ್ಳೋನು ಅಂತ ನೀವು ಸಹಿ ಮಾಡಿದ್ರೆ ಅದು ಅಪರಾಧ." ವಿಶಾಲು ನನ್ನ ಪೆನ್ನು ತೆಗೆದುಕೊಂಡು, ತನ್ನ ಗ್ರೀನ್ ಕಾರ್ಡನ್ನೂ ಡ್ರೈವಿಂಗ್ ಲೈಸೆನ್ಸನ್ನೂ ಮುಂದಿಟ್ಟು, ಒಂದೊಂದು ಪ್ರಶ್ನೆಯನ್ನೂ ಓದಿ ಉತ್ತರ ಬರೆದಳು. ನೀವು ನ್ಯಾಯದಿಂದ ತಲೆಮರೆಸಿಕೊಂಡಿದ್ದೀರಾ ಎಂಬ ಪ್ರಶ್ನೆ ಬಂದಾಗ ನಾನು ಪಕ್ಕದಿಂದ, "ಇಲ್ಲ ಅಂತ ಹಾಕು" ಎಂದೆ. ಅವಳು ನೋಡಿದ ನೋಟಕ್ಕೆ ಹೋಗಿ ಎರೆಹುಳುಗಳ ಡಬ್ಬಿಗಳನ್ನು ನೋಡುತ್ತ ನಿಂತೆ.

ಮನೆಯಲ್ಲಿ ರೈಫಲ್ಲಿಗೆ ಒಂದು ಉಕ್ಕಿನ ಕಪಾಟು, ತೋಟೆಗಳಿಗೆ ಬೇರೊಂದು ಬೀಗದ ಡಬ್ಬಿ, ಎರಡರ ಬೀಗದ ಕೈಯೂ ವಿಶಾಲುವಿನ ಕೊರಳ ಸರದಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಅವಳು ಕ್ಲಬ್ಬಿಗೆ ಹೋದಳು. ಅಲ್ಲಿ ಕಲಿಸುತ್ತಿದ್ದವರು ರೂಬಿ ಎಂಬ ಎಪ್ಪತ್ತರ ಮುದುಕಿ. ಸಿಕ್ಕವರನ್ನೆಲ್ಲ ಇಂಗ್ಲಿಷಿನ ಮುದ್ದುಮಾತಿನಲ್ಲಿ 'ಹನಿ' ಎನ್ನುವ, ಆದರೆ ಶಿಸ್ತು ತಪ್ಪಿದರೆ ಅದೇ 'ಹನಿ'ಯನ್ನು ಚಾಟಿಯಂತೆ ಬೀಸುವ ಹೆಂಗಸು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ವಿಶಾಲು ಸಂಜೆ ಅಡುಗೆಮನೆಯಲ್ಲಿ ಎರಡು ಕೇಜಿಯ ಅಕ್ಕಿ ಚೀಲವನ್ನು ಎಡಗೈಯಲ್ಲಿ ಚಾಚಿ ಹಿಡಿದು ನೂರು ಎಣಿಸುತ್ತಿದ್ದಳು. ಬೆಳಿಗ್ಗೆ ಕಾಫಿಗೆ ಮೊದಲು ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ನೋಡುತ್ತ ಉಸಿರು ಹಿಡಿದು ಬಿಡುತ್ತಿದ್ದಳು. ಅವಳ ಮುಖದಲ್ಲಿ ಬಂದ ಕಳೆಯನ್ನು ನಾನು ಅದುವರೆಗೆ ಒಂದು ಕಡೆ ಮಾತ್ರ ನೋಡಿದ್ದೆ, ಆ ಓರೆ ಟೋಪಿಯ ಫೋಟೊದಲ್ಲಿ.

ಮ್ಯಾಚಿನ ದಿನ ಬೆಳಿಗ್ಗೆ ಹೊರಗೆ ಹುಲ್ಲಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿ ಕೂತಿತ್ತು. ವಿಶಾಲು ರೈಫಲನ್ನು ಕೊನೆಯ ಸಲ ಒರೆಸಿ, ಪೆಟ್ಟಿಗೆಯಲ್ಲಿ ತೆರೆದಿಟ್ಟು, "ಐದು ನಿಮಿಷ, ಸ್ನಾನ ಮಾಡಿ ಬರ್ತೀನಿ, ನೋಡ್ತಿರಿ" ಎಂದು ಹೋದಳು. ನೋಡುತ್ತಿರಿ ಎಂದರೆ ಕಾಯುತ್ತಿರಿ ಎಂದರ್ಥ. ನಾನು ನೋಡಿದೆ. ಬೋಲ್ಟ್ ಒಣಗಿದಂತೆ ಕಂಡಿತು. ಅವಳು ಬೇಕೆಂದೇ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿದ್ದಳೆಂದು ನನಗೇನು ಗೊತ್ತು? ಇಷ್ಟು ದೊಡ್ಡ ದಿನ, ನನ್ನದೂ ಒಂದು ಸೇವೆಯಿರಲಿ ಎನ್ನಿಸಿತು. ಬಂದೂಕಿನ ಎಣ್ಣೆಯನ್ನು ಅವಳು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿಟ್ಟುಕೊಂಡದ್ದು ಗೊತ್ತಿತ್ತು. ಅಂಥದೇ ಒಂದು ಬಾಟಲಿ ಮನೆ ಬೆಚ್ಚಗಿಡಲು ನೆಲದಿಂದ ಬಿಸಿಗಾಳಿ ಬರುವ ಕಿಂಡಿಯ ಪಕ್ಕದಲ್ಲಿತ್ತು. ತಿಳಿಯಾದ, ನೀರಿನಂಥ ಎಣ್ಣೆ. ಬೋಲ್ಟಿಗೆ, ಅದು ಓಡುವ ದಾರಿಗೆ, ಸ್ಪ್ರಿಂಗಿಗೆ ಧಾರಾಳವಾಗಿ ಬಿಟ್ಟೆ. ಹಿಂದೆಮುಂದೆ ಎಳೆದು ನೋಡಿದೆ. ಬೆಣ್ಣೆಯಲ್ಲಿ ಚಾಕು ಓಡಿದ ಹಾಗೆ ಓಡಿತು. ತೃಪ್ತಿಯಿಂದ ಪೆಟ್ಟಿಗೆ ಮುಚ್ಚಿದೆ.

ಮೊದಲ ಸುತ್ತು ನಿಧಾನದ್ದು, ಹತ್ತು ನಿಮಿಷಕ್ಕೆ ಹತ್ತು ಗುಂಡು. ಹತ್ತೊಂಬತ್ತು ಹೆಂಗಸರು ಸಾಲಾಗಿ ಮಲಗಿದ್ದರು. ಬೆಚ್ಚಗಿನ ಕಾರಿನಿಂದ ಆಗಷ್ಟೇ ಇಳಿದ ರೈಫಲ್ಲು ಸರಾಗವಾಗಿ ಓಡಿತು. ಫಲಕದಲ್ಲಿ ಅಂಕ ಬರೆದಾಗ ಎಲ್ಲಕ್ಕಿಂತ ಮೇಲೆ ವಿಶಾಲುವಿನ ಹೆಸರಿತ್ತು. ಅದರಲ್ಲಿ ಒಂದು ಅಕ್ಷರ ತಪ್ಪಾಗಿದ್ದರೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೊಸ ಟಾರ್ಗೆಟ್ ಕಟ್ಟುವವರೆಗೆ ಇಪ್ಪತ್ತು ನಿಮಿಷ ಬಿಡುವು. ರೈಫಲ್‌ಗಳೆಲ್ಲ ಬೋಲ್ಟ್ ತೆರೆದುಕೊಂಡು ಆ ಚಳಿಯಲ್ಲಿ, ಪೈನ್ ಮರಗಳ ನೆರಳಿನ ಕಟ್ಟೆಯ ಮೇಲೆ ಮಲಗಿದ್ದವು.

ಎರಡನೆಯ ಸುತ್ತು ಅವಸರದ್ದು. ಇಪ್ಪತ್ತು ಸೆಕೆಂಡಿನಲ್ಲಿ ಐದು ಗುಂಡು, ಅಂಥ ಎರಡು ಸರದಿ. ಇದಕ್ಕೆಂದೇ ಅವಳು ಸೆಮಿ-ಆಟೊಮ್ಯಾಟಿಕ್ ಕೊಂಡದ್ದು. ರೂಬಿ ಸೀಟಿ ಊದಿದರು. ವಿಶಾಲುವಿನ ಮೊದಲ ಗುಂಡು ಹೋಯಿತು. ಬೋಲ್ಟ್ ಹಿಂದಕ್ಕೆ ಬಂತು. ಮುಂದಕ್ಕೆ ಹೋಗುವಾಗ, ಮೊಣಕಾಲು ನೋವಿನವರು ಮೆಟ್ಟಿಲಿಳಿದ ಹಾಗೆ ನಿಧಾನವಾಗಿ ಹೋಗಿ ಅರ್ಧದಲ್ಲಿ ನಿಂತಿತು. ಅವಳು ಅಂಗೈಯಿಂದ ಅದನ್ನು ತಳ್ಳಿದಳು. ಗುಂಡು ಹಾರಿತು. ಮತ್ತೆ ನಿಂತಿತು. ಮತ್ತೆ ತಳ್ಳಿದಳು. ಸುತ್ತ ಹದಿನೆಂಟು ರೈಫಲ್‌ಗಳು ಪಟಪಟನೆ ಮುಗಿಸುತ್ತಿದ್ದವು. ಎರಡನೆಯ ಸೀಟಿ ಊದಿದಾಗ ಅವಳ ಮ್ಯಾಗಝೀನಿನಲ್ಲಿ ಎರಡು ತೋಟೆ ಉಳಿದಿದ್ದವು. ಬಂದೂಕು ಕೈಕೊಟ್ಟರೆ ಅದು ಹೊಡೆಯುವವರ ಹೊಣೆ, ಮತ್ತೆ ಅವಕಾಶವಿಲ್ಲ ಎಂಬುದು ಕ್ಲಬ್ಬಿನ ನಿಯಮ.

ಅವಳು ಎದ್ದು ಹೋಗಲಿಲ್ಲ, ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಸರದಿಗಳ ನಡುವೆ ಸಿಗುವ ಎರಡು ನಿಮಿಷದಲ್ಲಿ ರೈಫಲನ್ನು ಖಾಲಿ ಮಾಡಿ, ಕೊರಳ ಉಲ್ಲನ್ ಸ್ಕಾರ್ಫ್ ಕಿತ್ತು, ಬೋಲ್ಟನ್ನು ಹಿಡಿದಿಟ್ಟು ಒಳಗೆಲ್ಲ ಉಜ್ಜಿ ಉಜ್ಜಿ ಒರೆಸಿದಳು. ಮತ್ತೆ ಸೀಟಿ. ಈ ಸಲ ಐದಕ್ಕೆ ಐದು, ಐದೂ ಕಪ್ಪು ವೃತ್ತದೊಳಗೆ. ಆದರೆ ಹೋದ ಎರಡು ಗುಂಡು ಹೋದವೇ. ಮೊದಲನೆಯ ಸ್ಥಾನದಲ್ಲಿದ್ದವಳು ಏಳನೆಯವಳಾಗಿ ಮುಗಿಸಿದಳು.

ರೂಬಿ ಬಂದು ರೈಫಲ್ಲಿನ ಬೋಲ್ಟ್ ಎಳೆದು ಕನ್ನಡಕದೊಳಗಿಂದ ನೋಡಿದರು. "ಹನಿ, ಇದೇನು ಒಳಗೆ ಬೆಳ್ಳಗೆ? ಹಂದಿ ಕೊಬ್ಬಾ?" ಎಂದರು. ಬೆರಳಿಗೆ ತೆಗೆದುಕೊಂಡು ಮೂಸಿದರು. "ದೇವರೇ, ಕೇಕಿನ ವಾಸನೆ ಬರ್ತಿದೆ!" ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಹೆಂಡತಿಯ ರೈಫಲನ್ನು ಮೂಸಿದರು.

ವಿಶಾಲುವಿಗೆ ಮೂಸಬೇಕಾಗಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟದಿರಲಿ ಎಂದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಗಾಳಿಯ ಕಿಂಡಿಯ ಪಕ್ಕದಲ್ಲಿಡುವವಳು ಅವಳೇ. ನಮ್ಮ ಮನೆಯಲ್ಲಿ ದಿಂಬು, ಟವೆಲ್ಲು, ಸೋಫಾ ಎಲ್ಲಕ್ಕೂ ಆ ವಾಸನೆ ಇರುವುದರಿಂದ ನನ್ನ ಮೂಗಿಗೆ ಅದು ವಾಸನೆಯೆಂದೇ ಅನ್ನಿಸಿರಲಿಲ್ಲ. ಕಾರ್ಖಾನೆಯಲ್ಲಿ ಚೀಟಿಯಿಲ್ಲದ ಬಾಟಲಿಯಿಂದ ಒಂದು ಹನಿ ಬಳಸಿದವನನ್ನು ನಾನು ಎರಡು ಪುಟದ ವರದಿ ಬರೆದು ಬೇರೆ ವಿಭಾಗಕ್ಕೆ ಕಳಿಸಿದ್ದೆ. ಈಗ ಹತ್ತೊಂಬತ್ತು ಹೆಂಗಸರ ಮುಂದೆ, ಕೈ ಮುಂದೆ ಕಟ್ಟಿಕೊಂಡು, "ಅದು ನಾನು" ಎಂದೆ. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ.

"ಅಪ್ಪಾ, ದಟ್ಸ್ ಸೋ ಎಂಬರಾಸಿಂಗ್" ಎಂದು ಅನಿತಾ ಕಾರಿನ ಕಡೆ ನಡೆದಳು.

ವಿಶಾಲು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಡೆಲ್ಲಿಯೂ ಇತ್ತು, ಮದುವೆ ಮಂಟಪವೂ ಇತ್ತು. "ಆಗ ನಿಮಗೆ ಗೊತ್ತಿರಲಿಲ್ಲ ಅಂತ ಬಿಟ್ಟೆ" ಎಂದಳು. "ಈಗ?"

"ತಪ್ಪಾಯ್ತು ವಿಶಾಲು. ಅವತ್ತಿಂದೂ ತಪ್ಪು. ಇವತ್ತಿಂದೂ ತಪ್ಪು." ಹದಿನೈದು ವರ್ಷದ ಸಂಸಾರದಲ್ಲಿ ನಾನು ಪಟ್ಟಿಯಿಲ್ಲದೆ ಆಡಿದ ಮೊದಲ ಮಾತು ಅದೇ ಇರಬೇಕು. ನಮ್ಮ ಪಡಸಾಲೆಯಲ್ಲಿ ಎಲ್ಲರೂ ನಕ್ಕಿದ್ದರಲ್ಲ, ಆ ನಗು ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಅವಳು ರೂಬಿಯ ಕಡೆ ತಿರುಗಿ, ಮುಂದಿನ ಮ್ಯಾಚ್ ಯಾವಾಗ ಎಂದು ಕೇಳಿದಳು. ಏಪ್ರಿಲ್‌ನಲ್ಲಿ, ಸೌತ್ ಕ್ಯಾರೊಲೈನಾದ ಕೊಲಂಬಿಯಾದಲ್ಲಿ, ಆದರೆ ಅದಕ್ಕೆ ಕ್ಲಬ್ಬಿನಿಂದ ನಾಲ್ಕೇ ಜನ ಎಂದರು ರೂಬಿ. "ನನ್ನ ಹೆಸರು ಬರ್ಕೊಳ್ಳಿ." "ಹನಿ, ನಾನು ಆಗಲೇ ಬರೆದಾಯಿತು. ಬಂದೂಕಿನ ತುಂಬ ಹಂದಿ ಕೊಬ್ಬು ತುಂಬಿಕೊಂಡು ಏಳನೆಯವಳಾದವಳನ್ನ ನಾನು ಇನ್ನೆಲ್ಲಿ ಹುಡುಕಲಿ?" ಅದು ಕೊಬ್ಬರಿಯದು ಎಂದು ತಿದ್ದಲು ಹೋದೆ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು.

ಏಪ್ರಿಲ್‌ನಲ್ಲಿ ಕೊಲಂಬಿಯಾಕ್ಕೆ ನಾವು ಮೂವರೂ ಹೋದೆವು. ನನ್ನ ಪಾಲಿನ ಕೆಲಸ ಕಾರು ಓಡಿಸುವುದು ಮತ್ತು ಚಿತ್ರಾನ್ನದ ಡಬ್ಬಿ ಹೊರುವುದು. ಪೆಟ್ಟಿಗೆಯನ್ನು ಅನಿತಾ ಹಿಡಿದಳು. ಮೈದಾನದ ಬಾಗಿಲಲ್ಲಿ ತಪಾಸಣೆಯ ಮೇಜಿತ್ತು. ಅಲ್ಲಿ ಕೂತಿದ್ದ, ನರೆತ ಮೀಸೆಯ ಅಧಿಕಾರಿ ನಾನು ಮೂರು ಶನಿವಾರ ತೆಗೆದುಕೊಂಡ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಿದ. ಬೋಲ್ಟ್ ಎಳೆದ, ನಳಿಗೆಯೊಳಗೆ ಬೆಳಕು ಬಿಟ್ಟ, ಕುದುರೆಗೆ ಒಂದು ತೂಕ ನೇತುಹಾಕಿ ತೆಗೆದ. ಮರದ ಮೇಲಿನ ಗೀರನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಹಸಿರು ಚೀಟಿ ಅಂಟಿಸುತ್ತ, "ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದೀರಿ ಮ್ಯಾಮ್. ಯಾರು ನೋಡ್ಕೊಳ್ತಾರೆ ಇದನ್ನ?" ಎಂದ.

"ನಾನೇ" ಎಂದಳು ವಿಶಾಲು. "ಮನೇಲಿ ಬೇರೆ ಯಾರೂ ಮುಟ್ಟಲ್ಲ."

ಅವಳು ಆ ದಿನ ಎರಡನೆಯ ಸ್ಥಾನ ಗೆದ್ದು ಬೆಳ್ಳಿ ಬಣ್ಣದ ಪದಕ ತಂದಳು. ಸಂಜೆ ಸೆಂಟರ್‌ವಿಲ್‌ನಿಂದ ಫೋನ್ ಮಾಡಿದ ಭಾವ, ಇಂಥ ರೈಫಲ್ ಹುಡುಕಿ ತೆಗೆದದ್ದಕ್ಕೆ ನನ್ನನ್ನು ಬಹಳ ಹೊಗಳಿದರು. ಅದರ ಗುಣಮಟ್ಟಕ್ಕಾಗಿ ನಾನು ವಿಶೇಷವಾಗಿ ಏನು ಮಾಡಿದೆ ಎಂದು ಕೇಳಿದರು. ಯೋಚಿಸಿ ನೋಡಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅದರ ಹತ್ತಿರ ಹೋಗಿರಲಿಲ್ಲ. ಅದನ್ನೇ ಹೇಳಿದೆ. ಭಾವ ಅದನ್ನು ವಿನಯ ಎಂದು ತಿಳಿದುಕೊಂಡರು.